ನಿಂತುಹೋದ ಪಾಡ್‌ಕಾಸ್ಟ್‌ಗಳು ಟಾಪ್ ಪಟ್ಟಿಯಲ್ಲಿ ಇರಬೇಕಾ, ಬೇಡವಾ?

ಪಟ್ಟಿಗಾರ:
ನಾವು ಕೆಲವರು ಸೇರಿ ಒಂದು ಪಾಡ್‌ಕಾಸ್ಟ್ ಆ್ಯಪ್ ನಡೆಸುತ್ತಿದ್ದೇವೆ. ವಾರಕ್ಕೊಮ್ಮೆ ಜನಪ್ರಿಯ ಶೋಗಳ ಪಟ್ಟಿ ಹಾಕುತ್ತೇವೆ. ಈಗ ತಂಡದೊಳಗೇ ಜಗಳ ಶುರುವಾಗಿದೆ. ಎರಡು ಮೂರು ವರ್ಷದಿಂದ ಒಂದೂ ಹೊಸ ಎಪಿಸೋಡ್ ಬಾರದ ಶೋಗಳು ಮೇಲಿನ ಸ್ಥಾನಗಳಲ್ಲಿ ಕೂತುಬಿಟ್ಟಿವೆ, ಅಲ್ಲಾಡುವುದೇ ಇಲ್ಲ. 90 ದಿನ ಹೊಸದೇನೂ ಬರದಿದ್ದರೆ ತೆಗೆದುಬಿಡೋಣ ಅಂತ ಒಬ್ಬರು ಹೇಳುತ್ತಾರೆ. ಜನ ಕೇಳುತ್ತಿರುವಾಗ ತೆಗೆಯೋಕೆ ನಾವ್ಯಾರು ಅಂತ ಇನ್ನೊಬ್ಬರು. ಸದ್ಯಕ್ಕೆ ಫಾಲೋವರ್‌ಗಳ ಸಂಖ್ಯೆ ಮತ್ತು ಶುರುವಿನಿಂದ ಆದ ಒಟ್ಟು ಡೌನ್‌ಲೋಡ್ ಎರಡನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತಿದ್ದೇವೆ. ಆ್ಯಪ್ ಒಳಗೆ ಯಾರು ಎಷ್ಟು ಹೊತ್ತು ಕೇಳಿದರು ಅನ್ನುವ ಲೆಕ್ಕವೂ ನಮ್ಮ ಹತ್ತಿರ ಇದೆ, ಆದರೆ ಅದನ್ನು ಇನ್ನೂ ಬಳಸಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಳೇಕಂತು:
90 ದಿನದ ನಿಯಮ ದಯವಿಟ್ಟು ಬೇಡ. ಕೊನೆಯ ಎಪಿಸೋಡಿನ ತಾರೀಖು ಶೋ ಮಾಡುವವರ ಬಗ್ಗೆ ಹೇಳುತ್ತದೆಯೇ ಹೊರತು ಕೇಳುವವರ ಬಗ್ಗೆ ಏನೂ ಹೇಳುವುದಿಲ್ಲ.

‘ಎಸ್-ಟೌನ್’ ತೆಗೆದುಕೊಳ್ಳಿ. 2017ರ ಮಾರ್ಚ್‌ನಲ್ಲಿ ಏಳೂ ಎಪಿಸೋಡ್ ಒಂದೇ ದಿನ ಬಂದವು, ಕಥೆ ಅಲ್ಲಿಗೆ ಮುಗಿಯಿತು. ನಿಮ್ಮ ನಿಯಮ ಆಗ ಇದ್ದಿದ್ದರೆ ಬೇಸಿಗೆ ಕಳೆಯುವ ಹೊತ್ತಿಗೆ ಅದು ಪಟ್ಟಿಯಿಂದ ಹೊರಗೆ. ಡಾನ್ ಕಾರ್ಲಿನ್ ಅವರ ‘ಹಾರ್ಡ್‌ಕೋರ್ ಹಿಸ್ಟರಿ’ ನಿಂತೇ ಇಲ್ಲ, ಆದರೆ ಗಂಟೆಗಟ್ಟಲೆ ಸಾಗುವ ಒಂದೊಂದು ಎಪಿಸೋಡಿಗೂ ತಿಂಗಳುಗಟ್ಟಲೆ ಕಾಯಬೇಕು, ಅದೂ ನಿಮ್ಮ ಪಟ್ಟಿಯಿಂದ ಹೊರಗೆ ಹೋಗಿ ಒಳಗೆ ಬಂದು ಮಾಡುತ್ತಿರುತ್ತದೆ. ಮೈಕ್ ಡಂಕನ್ ಅವರ ‘ದ ಹಿಸ್ಟರಿ ಆಫ್ ರೋಮ್’ 2012ರಲ್ಲೇ ಮುಗಿದಿದೆ. ಮೊದಲ ಎಪಿಸೋಡಿನಿಂದ ಅದನ್ನು ಇವತ್ತು ಶುರುಮಾಡುವವನಿಗೆ ಅದು ಹೊಸ ಶೋನೇ ಅಲ್ವಾ?

ಮೈಕ್‌ಮುಂದೆ:
ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನಾನೂ ಒಂದು ಸಣ್ಣ ಶೋ ಮಾಡುತ್ತೇನೆ. ಹೊಸಬರು ಜನರ ಕಣ್ಣಿಗೆ ಬೀಳುವುದೇ ಇಂಥ ಪಟ್ಟಿಗಳಿಂದ. ಹತ್ತರಲ್ಲಿ ನಾಲ್ಕು ಜಾಗ ಮುಗಿದುಹೋದ ಶೋಗಳಿಗೆ ಹೋದರೆ ಪ್ರತಿ ವಾರ ಎಡಿಟಿಂಗ್ ಮಾಡಿ ಹಾಕುವವರು ಎಲ್ಲಿಗೆ ಹೋಗಬೇಕು? ಜೊತೆಗೆ ಫಾಲೋವರ್ ಸಂಖ್ಯೆ ಅನ್ನುವುದು ಕೆಳಗೆ ಇಳಿಯುವುದೇ ಇಲ್ಲ ಅನ್ನಬಹುದು. ಶೋ ನಿಂತಿತು ಅಂತ ನೆನಪಿಟ್ಟುಕೊಂಡು ಅನ್‌ಫಾಲೋ ಮಾಡುವವರು ಯಾರಿದ್ದಾರೆ? ಹಾಗೇ ಬಿಟ್ಟಿರುತ್ತಾರೆ. ಅದನ್ನು ಜನಪ್ರಿಯತೆ ಅಂತ ಎಣಿಸುವುದು ಅನ್ಯಾಯ.

ಎಣಿಕೆ:
ಇಬ್ಬರ ಮಾತಲ್ಲೂ ಹುರುಳಿದೆ, ಆದರೆ ತೊಂದರೆ ಇರುವುದು ನೀವು ಏನನ್ನು ಎಣಿಸುತ್ತಿದ್ದೀರಿ ಅನ್ನುವುದರಲ್ಲಿ.

ಶುರುವಿನಿಂದ ಆದ ಒಟ್ಟು ಡೌನ್‌ಲೋಡ್ ಲೆಕ್ಕ ಹಾಕಿದರೆ ಹಳೆಯದು ಗೆದ್ದೇ ಗೆಲ್ಲುತ್ತದೆ, ಅದನ್ನು ಮೊದಲು ಬಿಡಿ. ಹಾಗಂತ ಈ ವಾರದ ಡೌನ್‌ಲೋಡ್ ಮಾತ್ರ ತೆಗೆದುಕೊಂಡರೆ ಅನ್ಯಾಯ ಉಲ್ಟಾ ಆಗುತ್ತದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ದಿನಕ್ಕೊಂದು ಎಪಿಸೋಡ್ ಹಾಕುವ ಶೋಗೆ ಒಬ್ಬನೇ ಫಾಲೋವರ್‌ನ ಫೋನ್ ವಾರಕ್ಕೆ ಏಳು ಸಲ ತಾನಾಗಿಯೇ ಡೌನ್‌ಲೋಡ್ ಮಾಡಿಕೊಳ್ಳುತ್ತದೆ, ಅವನು ಒಂದನ್ನೂ ಕೇಳದಿದ್ದರೂ ಸರಿ. ನಿಂತ ಶೋಗೆ ಈ ಸೌಲಭ್ಯ ಇಲ್ಲ. ಹೊಸ ಎಪಿಸೋಡೇ ಇಲ್ಲದ ಮೇಲೆ ಆಟೋ ಡೌನ್‌ಲೋಡ್ ಎಲ್ಲಿಂದ? ಅಲ್ಲಿ ಬರುವ ಡೌನ್‌ಲೋಡ್ ಬಹುಮಟ್ಟಿಗೆ ಯಾರೋ ಹುಡುಕಿಕೊಂಡು ಬಂದು ಒತ್ತಿದ್ದು.

2023ರ ಸೆಪ್ಟೆಂಬರ್‌ನಲ್ಲಿ ಐಫೋನಿನ ಐಒಎಸ್ 17 ಸಾಫ್ಟ್‌ವೇರ್ ಬಂದಾಗ ಆಪಲ್ ಪಾಡ್‌ಕಾಸ್ಟ್ಸ್ ಈ ಆಟೋ ಡೌನ್‌ಲೋಡ್ ವಿಧಾನವನ್ನು ಬದಲಾಯಿಸಿತು. ಕೇಳುವುದು ಬಿಟ್ಟು ಮತ್ತೆ ಬಂದವರಿಗೆ, ನಡುವೆ ತಪ್ಪಿಹೋದ ಎಪಿಸೋಡ್‌ಗಳನ್ನೆಲ್ಲ ತಾನೇ ಇಳಿಸಿಕೊಡುವುದನ್ನು ನಿಲ್ಲಿಸಿತು. ಎಷ್ಟೋ ದೊಡ್ಡ ಶೋಗಳ ಡೌನ್‌ಲೋಡ್ ಕುಸಿಯಿತು. ಕೇಳುಗರೇನೂ ಓಡಿಹೋಗಿರಲಿಲ್ಲ. ಡೌನ್‌ಲೋಡ್ ಎಣಿಸಲು ಜಾಹೀರಾತು ಉದ್ಯಮದ ಸಂಸ್ಥೆ ಐಎಬಿ ಮಾಡಿರುವ ನಿಯಮದಲ್ಲೂ ಕನಿಷ್ಠ ಒಂದು ನಿಮಿಷದಷ್ಟು ಆಡಿಯೋ ಇಳಿದಿದ್ದರೆ ಅದು ಡೌನ್‌ಲೋಡ್, ಒಬ್ಬರೇ 24 ಗಂಟೆಯೊಳಗೆ ಅದೇ ಎಪಿಸೋಡನ್ನು ಮತ್ತೆ ಇಳಿಸಿದರೆ ಲೆಕ್ಕವಿಲ್ಲ. ಕಿವಿಗೆ ಬಿತ್ತಾ ಇಲ್ಲವಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾಗಿ ಜನರನ್ನು ಎಣಿಸಿ. ಕಳೆದ ನಾಲ್ಕು ವಾರದಲ್ಲಿ ಈ ಶೋನ ಯಾವುದಾದರೂ ಎಪಿಸೋಡನ್ನು, ಹಳೆಯದಾಗಲಿ ಹೊಸದಾಗಲಿ, ಕೆಲವು ನಿಮಿಷವಾದರೂ ಕೇಳಿದ ಬೇರೆ ಬೇರೆ ಜನ ಎಷ್ಟು? ಒಬ್ಬನನ್ನು ಒಂದೇ ಸಲ ಎಣಿಸಬೇಕು. ಇಲ್ಲದಿದ್ದರೆ ‘ಹಿಸ್ಟರಿ ಆಫ್ ರೋಮ್’ ಥರದ ಎಪಿಸೋಡ್ ನಂಬರ್ 179ರವರೆಗೆ ಹೋಗುವ ಶೋವನ್ನು ಒಬ್ಬನೇ ಒಂದು ತಿಂಗಳು ಕೂತು ಕೇಳಿದರೂ ಅದು ದೊಡ್ಡ ಗುಂಪಿನಂತೆ ಕಾಣುತ್ತದೆ. ಈ ಲೆಕ್ಕದಲ್ಲೂ ಮುಗಿದ ಶೋ ಮೇಲೆ ಬಂತು ಅಂದರೆ ಅದು ನಿಜವಾಗಿ ಮೇಲಿದೆ, ಇಳಿಸಬೇಡಿ. ಹೆಸರಿಗೆ ಮಾತ್ರ ದೊಡ್ಡದಾಗಿದ್ದ ಶೋಗಳು ತಾವಾಗಿಯೇ ಇಳಿದುಹೋಗುತ್ತವೆ.

ಪಟ್ಟಿಗಾರ:
ಇದು ತುಂಬಾ ಉಪಯೋಗವಾಯಿತು. ಆದರೆ ‘ಮೈಕ್‌ಮುಂದೆ’ ಅವರು ಹೇಳಿದ್ದು ಹಾಗೇ ಉಳಿಯಿತಲ್ಲ. ‘ಈಗ ನಡೆಯುತ್ತಿರುವವು’ ಅಂತ ಇನ್ನೊಂದು ಪಟ್ಟಿ ಮಾಡಬಹುದು. ಯಾವುದು ಮುಗಿದಿದೆ, ಯಾವುದು ಬರೀ ವಿರಾಮದಲ್ಲಿದೆ ಅಂತ ಗುರುತಿಸುವುದು ಹೇಗೆ? ಶೋ ಮತ್ತು ಎಪಿಸೋಡ್‌ಗಳ ವಿವರ ಇರುವ ಫೈಲಿನಲ್ಲಿ, ಅಂದರೆ ಫೀಡ್‌ನಲ್ಲೇ, ಏನಾದರೂ ಇರುತ್ತದಾ?

ಹಳೇಕಂತು:
ಇರುತ್ತದೆ. ‘ಐಟ್ಯೂನ್ಸ್ ಕಂಪ್ಲೀಟ್’ ಅನ್ನುವ ಟ್ಯಾಗ್ ಇದೆ, ಅದರಲ್ಲಿ ‘ಯೆಸ್’ ಅಂತಿದ್ದರೆ ಇನ್ನು ಮುಂದೆ ಎಪಿಸೋಡ್ ಬರುವುದಿಲ್ಲ ಅಂತ ಅರ್ಥ. ತೊಂದರೆ ಏನೆಂದರೆ ಎಷ್ಟೋ ಜನ ಅದನ್ನು ಹಾಕುವುದೇ ಇಲ್ಲ. ಬಾಗಿಲು ಪೂರ್ತಿ ಮುಚ್ಚೋಕೆ ಯಾರಿಗೂ ಮನಸ್ಸು ಬರುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಅದೇ ಡಂಕನ್ ಅವರ ‘ರೆವಲ್ಯೂಷನ್ಸ್’ 2022ರಲ್ಲಿ ಮುಗಿದು 2024ರಲ್ಲಿ ಮತ್ತೆ ಶುರುವಾಯಿತು. ಆದ್ದರಿಂದ ಟ್ಯಾಗ್ ಇದ್ದರೆ ‘ಮುಗಿದಿದೆ’ ಅಂತ ಹಾಕಿ. ಇಲ್ಲದಿದ್ದರೆ ಸುಮ್ನೆ ಊಹೆ ಮಾಡದೆ ‘ಕೊನೆಯ ಎಪಿಸೋಡ್ ಇಂಥ ತಿಂಗಳು’ ಅಂತಷ್ಟೇ ಹೆಸರಿನ ಪಕ್ಕದಲ್ಲಿ ತೋರಿಸಿ.

ಮೈಕ್‌ಮುಂದೆ:
ಎರಡು ಪಟ್ಟಿ ಆದರೆ ನನ್ನ ತಕರಾರಿಲ್ಲ, ಆದರೆ ಆ್ಯಪ್ ತೆರೆದ ಕೂಡಲೇ ಎರಡೂ ಕಾಣಬೇಕು, ಒಂದನ್ನು ಮೆನು ಒಳಗೆ ತಳ್ಳಬೇಡಿ.

ಇನ್ನೊಂದು ಹುಷಾರು. ಶೋ ನಿಂತ ಮೇಲೂ ಅದೇ ಫೀಡ್‌ನಲ್ಲಿ ಬೇರೆ ಶೋನ ಟ್ರೇಲರ್ ಹಾಕುವವರಿದ್ದಾರೆ, ಹಳೆಯ ಎಪಿಸೋಡನ್ನೇ ಹೊಸ ತಾರೀಖಿನಲ್ಲಿ ಮತ್ತೆ ಹಾಕುವವರೂ ಇದ್ದಾರೆ. ತಾರೀಖು ಮಾತ್ರ ನೋಡಿದರೆ ಅದು ನಡೆಯುತ್ತಿರುವ ಶೋ ಥರ ಕಾಣುತ್ತದೆ. ಫೀಡ್‌ನಲ್ಲಿ ಪ್ರತಿ ಎಪಿಸೋಡಿಗೂ ‘ಫುಲ್’, ‘ಟ್ರೇಲರ್’, ‘ಬೋನಸ್’ ಅಂತ ಬಗೆ ಹೇಳಲು ಜಾಗ ಇದೆ, ಅದರಲ್ಲಿ ‘ಫುಲ್’ ಇದ್ದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಗೆಯನ್ನೇ ತಪ್ಪಾಗಿ ಹಾಕಿದ್ದರೆ ಮನುಷ್ಯರೇ ನೋಡಬೇಕು, ಮೇಲಿನ ನೂರು ಶೋಗಳಿಗಾದರೂ ಅಷ್ಟು ಮಾಡಿ.

ಎಣಿಕೆ:
ಪೂರ್ತಿ ತೆಗೆಯಬೇಕಾದ ಒಂದೇ ಗುಂಪಿದೆ: ಆಡಿಯೋ ಫೈಲೇ ತೆರೆಯದ ಶೋಗಳು. ಹೋಸ್ಟಿಂಗ್‌ಗೆ, ಅಂದರೆ ಆಡಿಯೋ ಫೈಲ್ ಇಟ್ಟಿರುವ ಸರ್ವರ್‌ಗೆ, ದುಡ್ಡು ಕಟ್ಟುವುದು ನಿಂತರೆ ಹೆಸರು, ಚಿತ್ರ, ಫಾಲೋವರ್ ಎಲ್ಲ ನಿಮ್ಮ ಡೇಟಾಬೇಸ್‌ನಲ್ಲಿ ಉಳಿದಿರುತ್ತದೆ, ಒತ್ತಿದರೆ ಏನೂ ಕೇಳಿಸುವುದಿಲ್ಲ. ವಾರಕ್ಕೊಮ್ಮೆ ಪಟ್ಟಿ ಹಾಕುವ ಮುಂಚೆ ಪ್ರತಿ ಶೋನ ಒಂದೆರಡು ಫೈಲ್ ತೆರೆಯುತ್ತದಾ ಅಂತ ಪರೀಕ್ಷೆ ಮಾಡಿಸಿ. ಒಂದು ಸಲ ತೆರೆಯದಿದ್ದರೆ ತೆಗೆಯಬೇಡಿ, ಸರ್ವರ್ ಕೆಟ್ಟಿರಬಹುದು, ಮೂರ್ನಾಲ್ಕು ದಿನ ಬಿಟ್ಟು ಮತ್ತೆ ನೋಡಿ.