860 ಕ್ಯಾಸೆಟ್, ಒಂದು ಸಣ್ಣ ಕೋಣೆ: ಏನು ಮಾಡಲಿ?

ಹಳೇಟೇಪು, ಧಾರವಾಡ

ನನಗೆ 76. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬರುವ ದಸರಾ ಹೊತ್ತಿಗೆ ಇಲ್ಲಿನ ಮನೆ ಖಾಲಿ ಮಾಡಿ ಬೆಂಗಳೂರಿಗೆ, ಮಗಳ ಮನೆಗೆ ಹೋಗಬೇಕು. ನನ್ನ ಮೊಣಕಾಲು, ಹೆಂಡತಿಯ ಸಕ್ಕರೆ ಕಾಯಿಲೆ, ಇವೆರಡೂ ಸೇರಿ ಮಾಡಿದ ತೀರ್ಮಾನ ಅದು. ನಾವು ಸುಮ್ನೆ ಹೂಂ ಅಂದಿದ್ದೇವೆ. ಅಲ್ಲಿ ನಮ್ಮದು 10 ಅಡಿಗೆ 11 ಅಡಿಯ ಒಂದು ಕೋಣೆ.

ಇಲ್ಲಿ ನನ್ನ ಹತ್ತಿರ 860 ಕ್ಯಾಸೆಟ್ ಇವೆ. 210 ಎಲ್‌ಪಿ, ಅಂದರೆ ದೊಡ್ಡ ರೆಕಾರ್ಡುಗಳು. ಅಪ್ಪನ ಕಾಲದ 78ರ ಪ್ಲೇಟುಗಳು (ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮೋಫೋನ್ ಪ್ಲೇಟು) 64 ಇದ್ದವು, ಎರಡು ಒಡೆದು ಈಗ 62. ಅದರಲ್ಲಿ ಒಂದರ ಮೇಲೆ ‘ಗಾಂಧಾರಿ’ ಅಂತ ಹೆಸರಿದೆ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿಗೆ ಹಾಡಿದಾಗ ಹಾಕುತ್ತಿದ್ದ ಹೆಸರು ಅದು. ಆಗಿನ್ನೂ ಸಣ್ಣ, ಹುಡುಗಿಯ ದನಿ. ಗಂಟಲಿನ ಶಸ್ತ್ರಚಿಕಿತ್ಸೆ ಆದ ಮೇಲೆ ಬಂದದ್ದು ನಾವೆಲ್ಲ ಕೇಳಿದ ಆ ಗಂಡುದನಿ. ಈ ಪ್ಲೇಟು ಹಾಕಿ ‘ಯಾರು ಹೇಳಿ’ ಅಂತ ಕೇಳಿದರೆ ಇಲ್ಲಿಯವರೆಗೆ ಒಬ್ಬರೂ ಸರಿಯಾಗಿ ಹೇಳಿಲ್ಲ.

ಕ್ಯಾಸೆಟ್‌ಗಳಲ್ಲಿ 600 ಅಂಗಡಿಯಿಂದ ಕೊಂಡದ್ದು. ಉಳಿದ 260 ನಾನೇ ತುಂಬಿಸಿದ್ದು. ಮೊದಮೊದಲು ರೇಡಿಯೋ ಮುಂದೆ ಮೈಕ್ ಹಿಡಿದು ಕೂರುತ್ತಿದ್ದೆ. ಶನಿವಾರ ರಾತ್ರಿ 9:30ಕ್ಕೆ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾದರೆ ಮನೆಯಲ್ಲಿ ಯಾರೂ ನಲ್ಲಿ ಬಿಡುವಂತಿರಲಿಲ್ಲ, ಕೆಮ್ಮುವಂತಿರಲಿಲ್ಲ. ಆಮೇಲೆ ರೇಡಿಯೋ, ಟೇಪು ಎರಡೂ ಒಂದರಲ್ಲೇ ಇರುವ ಟೂ-ಇನ್-ವನ್ ಬಂತು, ಮನೆಯವರಿಗೆ ಕೆಮ್ಮುವ ಸ್ವಾತಂತ್ರ್ಯವೂ ಬಂತು. ಧಾರವಾಡ ಕೇಂದ್ರದಿಂದ ಬೆಳಿಗ್ಗೆ ಹಾಡುತ್ತಿದ್ದವರು, ಊರಿನ ಮನೆಗಳ ಪಡಸಾಲೆಯಲ್ಲಿ ಆದ ಬೈಠಕ್‌ಗಳು, ಗಣೇಶನ ಹಬ್ಬದ ಕಛೇರಿಗಳು, ಎಲ್ಲ ಇವೆ.

ಮಗಳು ‘ಅಪ್ಪಾ, ಎಲ್ಲಾ ಫೋನಲ್ಲೇ ಸಿಗುತ್ತೆ’ ಅನ್ನುತ್ತಾಳೆ. ಸುಳ್ಳಲ್ಲ. ನಮ್ಮವಳದು ಒಂದೇ ಪ್ರಶ್ನೆ: ‘ಇವನ್ನೆಲ್ಲಾ ತಗೊಂಡು ಹೋಗಿ ಎಲ್ಲಿ ಇಡಾವ್ರು?’ ಮೊನ್ನೆ ರದ್ದಿಯವನನ್ನು ಕರೆಸಿದೆ. ಪ್ಲಾಸ್ಟಿಕ್ ರೇಟಿಗೆ ತಗೊಳ್ಳುತ್ತಾನಂತೆ, ಆದರೆ ಒಳಗಿನ ಟೇಪು ನಾವೇ ಎಳೆದು ತೆಗೆದು ಕೊಡಬೇಕಂತೆ. ನಾನು ಚಹಾ ಕುಡಿಸಿ ಕಳಿಸಿದೆ.

ಯಾವುದಾದರೂ ಸಂಸ್ಥೆಗೆ ಒಟ್ಟಿಗೆ ಕೊಟ್ಟುಬಿಡಲೇ? ಇಂಥದ್ದು ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಕುಂದಾಪುರದ ಸೊಸೆ

ಒಟ್ಟಿಗೆ ಕೊಡಬೇಡಿ ಸರ್. ನಮ್ಮ ಮಾವನ ಕಥೆ ಹೇಳುತ್ತೇನೆ.

ಅವರದು ಯಕ್ಷಗಾನದ ಹುಚ್ಚು. ಬಯಲಾಟ ಎಲ್ಲಿದ್ದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ರಾತ್ರಿಯಿಡೀ ರಂಗಸ್ಥಳದ ಹತ್ತಿರ ಕೂರುತ್ತಿದ್ದರು. ಜಾಸ್ತಿ ಇದ್ದದ್ದು ಕಾಳಿಂಗ ನಾವಡರ ಭಾಗವತಿಕೆ, ಅಂದರೆ ಆಟದ ಹಾಡುಗಾರಿಕೆ. ನಾವಡರು 1990ರಲ್ಲಿ ಅಪಘಾತದಲ್ಲಿ ಹೋದರಲ್ಲ, ಚಿಕ್ಕ ವಯಸ್ಸು. ಆಮೇಲೆ ಮಾವ ಆ ಕ್ಯಾಸೆಟ್‌ಗಳನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಮಾವ ತೀರಿಕೊಂಡ ಮೇಲೆ ನಾವು ಒಂದು ಸಂಸ್ಥೆಗೆ 7 ಪೆಟ್ಟಿಗೆ ಕೊಟ್ಟೆವು. ಹೆಸರು ಬೇಡ. ಶಾಲು ಹೊದೆಸಿ ಫೋಟೋ ತೆಗೆದರು. ಮರುವರ್ಷ ಏನೋ ಕೆಲಸಕ್ಕೆ ಹೋದಾಗ ನೋಡಿದರೆ ಆ ಪೆಟ್ಟಿಗೆಗಳು ಹಿಂದಿನ ಜಗಲಿಯಲ್ಲಿ, ಸೂರಿನ ನೀರು ಬೀಳುವ ಕಡೆ. ಒಂದು ಪೂರ್ತಿ ಮಳೆಗಾಲ ಕಳೆದಿತ್ತು. ನಮ್ಮ ಊರಿನ ಮಳೆಗಾಲ ಅಂದರೆ ಗೊತ್ತಲ್ಲ. ಪೆಟ್ಟಿಗೆ ಬಿಚ್ಚಿದರೆ ಹಪ್ಪಳದ ಮೇಲೆ ಬೂಸ್ಟು ಬಂದ ಹಾಗೆ ಟೇಪಿನ ಸುರುಳಿಯ ಮೇಲೆ ಬೆಳ್ಳಗೆ. ಅವರಿಗೆ ಕೆಟ್ಟ ಮನಸ್ಸು ಇರಲಿಲ್ಲ. ಅವರ ಹತ್ತಿರ ಕ್ಯಾಸೆಟ್ ಹಾಕುವ ಒಂದು ಮೆಷಿನ್ನೂ ಇರಲಿಲ್ಲ, ಅಷ್ಟೇ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಜನಪದ ರಂಗಕಲೆಗಳಿಗೇ ಅಂತ ಒಂದು ಅಧ್ಯಯನ ಕೇಂದ್ರ ಇದೆ ಅಂತ ನಮಗೆ ಆಮೇಲೆ ತಿಳಿಯಿತು. ಮೊದಲು ವಿಚಾರಿಸಬೇಕಿತ್ತು.

ಯಾರಿಗೇ ಕೊಡುವ ಮೊದಲು ‘ಇದನ್ನು ಯಾವುದರಲ್ಲಿ ಹಾಕಿ ಕೇಳುತ್ತೀರಿ, ಸ್ವಲ್ಪ ತೋರಿಸಿ’ ಅನ್ನಿ. ಉತ್ತರ ಅಲ್ಲೇ ಸಿಗುತ್ತದೆ.

ಸೋಲ್ಡರಿಂಗ್ ಐರನ್

ಕ್ಯಾಸೆಟ್ ಡೆಕ್ ರಿಪೇರಿ, ಡಿಜಿಟಲ್ ಮಾಡಿಕೊಡುವುದು, ಇದೇ ನನ್ನ ಕೆಲಸ. ಲೆಕ್ಕ ಹೇಳುತ್ತೇನೆ ನೋಡಿ.

ಆ 600 ಬಿಡಿ. ಕಂಪನಿ ಅಚ್ಚು ಹಾಕಿದ್ದು ಇನ್ನೊಂದು ಸಾವಿರ ಮನೆಯಲ್ಲಿ ಇರುತ್ತದೆ. ನಿಮ್ಮ 260 ಮಾತ್ರ ಜಗತ್ತಿನಲ್ಲಿ ಒಂದೊಂದೇ. ಎಲ್ಲ 90 ನಿಮಿಷದ್ದು ಅಂತ ಇಟ್ಟುಕೊಂಡರೂ 390 ಗಂಟೆ. ಕ್ಯಾಸೆಟ್ಟನ್ನು ಓಡಿಸಿಕೊಂಡೇ ಕಾಪಿ ಮಾಡಬೇಕು, ಬೇರೆ ದಾರಿ ಇಲ್ಲ. ದಿನಕ್ಕೆ 3 ಗಂಟೆ ಕೂತರೆ 130 ದಿನ. ಸಿಡಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 635 ಎಂಬಿ, ಅಂದರೆ ಎಲ್ಲ ಸೇರಿ 250 ಜಿಬಿ ಒಳಗೆ. ಅಂಗೈ ಅಗಲದ ಡಿಸ್ಕಿನಲ್ಲಿ ಆರಾಮಾಗಿ ಹಿಡಿಯುತ್ತದೆ. ಆದರೆ ಡಿಸ್ಕ್ ಎರಡು ತಗೊಳ್ಳಿ, ಎರಡೂ ಬೇರೆ ಬೇರೆ ಮನೆಯಲ್ಲಿ ಇರಲಿ. ಮೊದಲೇ ಎಂಪಿ3 ಮಾಡಬೇಡಿ. ಮೂಲ ಪ್ರತಿ ದನಿ ಏನೂ ಕಳೆದುಹೋಗದ ವೇವ್ ಅಥವಾ ಫ್ಲ್ಯಾಕ್ ಫೈಲಿನಲ್ಲಿ ಇರಲಿ, ಮೊಮ್ಮಕ್ಕಳಿಗೆ ಕೊಡುವುದಕ್ಕೆ ಎಂಪಿ3 ಯಾವಾಗ ಬೇಕಾದರೂ ಆಗುತ್ತದೆ.

ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ನೇರ ಪ್ಲೇ ಮಾಡಬೇಡಿ. ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಆಮೇಲೆ ಮುಂದಿನ ಬಾಯಿಯಲ್ಲಿ ನೋಡಿ, ನಟ್ಟನಡುವೆ ತಾಮ್ರದ ಪಟ್ಟಿಯ ಮೇಲೆ ಅಕ್ಕಿಕಾಳಿನಷ್ಟು ಉಣ್ಣೆಯ ಮೆತ್ತೆ ಇರಬೇಕು. ಟೇಪನ್ನು ಮೆಷಿನ್ನಿನ ಹೆಡ್ಡಿಗೆ (ಟೇಪು ಓದುವ ಭಾಗ) ಒತ್ತಿ ಹಿಡಿಯುವುದು ಅದೇ. ಹಳೆಯದರಲ್ಲಿ ಅಂಟು ಒಣಗಿ ಉದುರಿರುತ್ತದೆ. ಉದುರಿದ್ದರೆ ದನಿ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತದೆ, ಜನ ‘ಕ್ಯಾಸೆಟ್ ಹೋಯಿತು’ ಅಂತ ಎಸೆಯುತ್ತಾರೆ. ಹೋಗಿರುವುದಿಲ್ಲ! ಐದು ಸ್ಕ್ರೂ ಬಿಚ್ಚಿ, ಎರಡು ಸುರುಳಿಯನ್ನೂ ಎತ್ತಿ ಆ 600ರಲ್ಲಿ ಒಂದರ ಖಾಲಿ ಚಿಪ್ಪಿಗೆ ಹಾಕಿ. ಹತ್ತು ನಿಮಿಷದ ಕೆಲಸ. ಬೂಸ್ಟು ಬಂದದ್ದನ್ನು ಮಾತ್ರ ಬೇರೆ ಇಡಿ, ಒಂದು ಹಾಕಿದರೆ ಹೆಡ್ಡಿನಿಂದ ಉಳಿದವಕ್ಕೂ ಹತ್ತುತ್ತದೆ.

78ರ ಪ್ಲೇಟುಗಳನ್ನು ಸ್ಪಿರಿಟ್ ಹಚ್ಚಿ ಒರೆಸಬೇಡಿ. ಅದು ಅರಗು ಸೇರಿಸಿ ಮಾಡಿದ್ದು, ಸ್ಪಿರಿಟ್‌ನಲ್ಲಿ ಕರಗುತ್ತದೆ. ಎಲ್‌ಪಿಯ ಮುಳ್ಳು ಹಾಕಿಯೂ ಕೇಳಬೇಡಿ. ಅವುಗಳ ಗೆರೆ ಅಗಲ, ಬೇರೆ ಮುಳ್ಳು ಬೇಕು.

ಭಾನುವಾರದ ಬಜಾರು

ನಾನು ಎಲ್‌ಪಿ ಕೊಳ್ಳುವವನು, ಮಾರುವವನು. ನೇರ ಹೇಳುತ್ತೇನೆ, ಬೇಜಾರಾಗಬೇಡಿ. ಹಳೆಯದು ಅಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಕವರ್ ಹರಿದಿದ್ದರೆ, ಗೀರು ಇದ್ದರೆ ಅರ್ಧಕ್ಕರ್ಧ ಇಳಿಯುತ್ತದೆ. ಯಾರಾದರೂ ಬಂದು ‘ಎಲ್ಲಾ ಸೇರಿಸಿ ಇಷ್ಟು’ ಅಂದರೆ ಒಪ್ಪಬೇಡಿ. ಒಳ್ಳೆಯ 20ಕ್ಕಾಗಿ 210ನ್ನೂ ಎತ್ತಿಕೊಂಡು ಹೋಗುತ್ತಾರೆ. ನಾನೂ ಹಾಗೇ ಮಾಡಿದ್ದೇನೆ.

ತಂಬೂರಿ ಹುಡುಗಿ

ನಾನು ಮೈಸೂರಿನಲ್ಲಿ ಸಂಗೀತದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಅಜ್ಜಾ, ನಿಮ್ಮ 260ರ ಹೆಸರು ಕೇಳಿಯೇ ನಿದ್ದೆ ಹೋಗಿದೆ.

ಪ್ಲೇಟುಗಳಿಗೆ ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಶುರು ಮಾಡಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇದೆ, ಹಳೆಯ ಗ್ರಾಮೋಫೋನ್ ಪ್ಲೇಟುಗಳನ್ನೇ ಡಿಜಿಟಲ್ ಮಾಡಿ ಇಡುವ ಕೆಲಸ ಅವರದು. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರು 1982ರಲ್ಲಿ ಶುರು ಮಾಡಿದ ಸಂಗ್ರಹಾಗಾರ ಈಗ ಗುರುಗ್ರಾಮದಲ್ಲಿ ಇದೆ. ಎರಡೂ ಕಡೆ ಪತ್ರ ಬರೆದು ಕೇಳಿ. ನೆಟ್‌ಗೆ ಹಾಕುವ ವಿಚಾರ ಬೇರೆ. ಪ್ರಕಟವಾದ ಧ್ವನಿಮುದ್ರಿಕೆಗೆ ನಮ್ಮಲ್ಲಿ 60 ವರ್ಷ ಹಕ್ಕು ಇರುತ್ತದೆ, ಅಪ್ಪನ ಪ್ಲೇಟುಗಳು ಅದನ್ನು ದಾಟಿರುತ್ತವೆ. ರೇಡಿಯೋದಿಂದ ತುಂಬಿಸಿದ್ದು, ಮನೆ ಬೈಠಕ್, ಇವನ್ನು ಹಾಗೆ ಸುಮ್ನೆ ಹಾಕುವಂತಿಲ್ಲ. ಹಾಡಿದವರ ಮನೆಯವರನ್ನು ಕೇಳಬೇಕು.

ಮತ್ತೆ ಇನ್ನೊಂದು. ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರುಗಳ ಧ್ವನಿಮುದ್ರಣ ಬೇರೆ ಕಡೆಯೂ ಸಿಗುತ್ತದೆ. ಬೆಳಿಗ್ಗೆ ಹಾಡುತ್ತಿದ್ದ, ಆಕಾಶವಾಣಿಯವರು ‘ಬಿ ಹೈ’ ಗ್ರೇಡು ಕೊಟ್ಟ ಕಲಾವಿದರು, ಊರಿನ ಸಂಗೀತ ಮೇಷ್ಟ್ರುಗಳು, ಅವರದು ಎಲ್ಲಿದೆ? ಮೊದಲು ಅವರದನ್ನು ಮಾಡಿ.

ಕ್ಯಾಸೆಟ್ ಒಳಗಿನ ಚೀಟಿಗಳ ಫೋಟೋ ಹಾಕುತ್ತೀರಾ? ನಾನು ಪಟ್ಟಿ ಮಾಡಿಕೊಡುತ್ತೇನೆ.

ಹಳೇಟೇಪು, ಧಾರವಾಡ

ಮೊಮ್ಮಗ ರಜೆಗೆ ಬಂದಿದ್ದ. 40 ಚೀಟಿಗಳ ಫೋಟೋ ಹಾಕಿದ್ದಾನೆ. ಅಕ್ಷರ ಸಣ್ಣದು. ಆಗ ನನ್ನ ಕಣ್ಣು ಚೆನ್ನಾಗಿತ್ತು.

ತಂಬೂರಿ ಹುಡುಗಿ

ಅಜ್ಜಾ! ರಾತ್ರಿಯೆಲ್ಲ ಕೂತು ಓದಿದೆ. ಮ.ಮ. ಅಂದರೆ ಮಲ್ಲಿಕಾರ್ಜುನ ಮನ್ಸೂರ್. ಬ.ಕೇ. ಬಸಂತಿ ಕೇದಾರ, ಬಿ.ಡಾ. ಬಿಹಾಗಡಾ, ಎರಡೂ ರಾಗದ ಹೆಸರು. ಸುಮಾರು ಚೀಟಿಗಳ ಕೊನೆಯಲ್ಲಿ ‘ಕ.ಹೋ.’ ಅಂತ ಇದೆ, ಅದು ಕಾಫಿ ಹೋರಿ, ಅಂದರೆ ಕಾಫಿ ರಾಗದ ಹೋಳಿ ಹಾಡು ತಾನೆ? ದೊಡ್ಡ ರಾಗ ಮುಗಿಸಿ ಕೊನೆಗೆ ಹೋರಿ ಹಾಡಿದ್ದಾರೆ, ನೀವು ‘ಕಾ’ ಬದಲು ‘ಕ’ ಬರೆದಿದ್ದೀರಿ. 40ರಲ್ಲಿ 11 ಕಡೆ ಇದೆ! ಆ ಕಾಲದ ಧಾರವಾಡದ ಕಛೇರಿಗಳಲ್ಲಿ ಕಾಫಿ ಹೋರಿಗೆ ಇಷ್ಟು ಜಾಗ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಇದರ ಮೇಲೆ ಒಂದು ಪ್ರಬಂಧ ಬರೆಯಬಹುದು.

ಹಳೇಟೇಪು, ಧಾರವಾಡ

ತಂಗೀ, ಪ್ರಬಂಧ ಶುರು ಮಾಡಿಲ್ಲ ತಾನೆ?

ಕ.ಹೋ. ಅಂದರೆ ಕರೆಂಟ್ ಹೋಯಿತು.

ನಗಬೇಡಿ, ನಮ್ಮವಳು ನಕ್ಕು ನಕ್ಕು ಎರಡು ಸಲ ನೀರು ಕುಡಿದಳು. ಆ ಕಾಲದಲ್ಲಿ ಕರೆಂಟ್ ಹೋಗದ ಶನಿವಾರ ಕಡಿಮೆ. ಬಸಂತಿ ಕೇದಾರದ ಆ ಟೇಪನ್ನು ನಿನ್ನೆ ಹಾಕಿದೆ. ದ್ರುತ್ (ವೇಗದ ಭಾಗ) ಕುದುರಿದೆ, ತಬಲಾದವರೂ ಬಿಸಿಯಾಗಿದ್ದಾರೆ, ಒಂದು ತಾನ ಮೇಲಕ್ಕೆ ಹೊರಟಿದೆ. ಅಷ್ಟರಲ್ಲಿ ಕರೆಂಟ್ ಹೋಗಿದೆ. ಮೆಷಿನ್ ನಿಧಾನ ಆಗುತ್ತಾ ನಿಂತಿದೆಯಲ್ಲ, ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಆ ತಾನ ಸಣ್ಣಗಾಗುತ್ತಾ ಗಿಳಿಯ ದನಿಯಾಗಿ ‘ಕೀ’ ಅಂತ ಹಾರಿಹೋಗುತ್ತದೆ. ಮುಂದೆ ಖಾಲಿ. ನಾನು ಕತ್ತಲೆಯಲ್ಲಿ ಬಟನ್ ಒತ್ತಿದ ಟಕ್ ಅನ್ನುವ ಸದ್ದೂ ಇಲ್ಲ.

ಈ ಎರಡು ತಿಂಗಳಲ್ಲಿ ಆದದ್ದು ಹೇಳುತ್ತೇನೆ. ಎಲ್‌ಪಿಗಳಲ್ಲಿ 30 ಇಟ್ಟುಕೊಂಡೆ, ಉಳಿದವನ್ನು ಒಂದೊಂದೇ ತೋರಿಸಿ, ಬಜಾರಿನವರ ಮಾತಿನಂತೆ ಬಿಡಿಬಿಡಿಯಾಗಿ ಕೊಟ್ಟೆ. 600 ಕ್ಯಾಸೆಟ್‌ಗಳನ್ನು ಭಾನುವಾರ ಕಟ್ಟೆಯ ಮೇಲೆ ಹರಡಿ ‘ಬೇಕಾದವರು ತಗೊಳ್ಳಿ’ ಅಂತ ಬೋರ್ಡು ಇಟ್ಟೆ. ಕಲಿಯುವ ಹುಡುಗರು ಸ್ವಲ್ಪ ಒಯ್ದರು. ಹಳೆಯ ಕಾರಿನಲ್ಲಿ ಇನ್ನೂ ಕ್ಯಾಸೆಟ್ ಪ್ಲೇಯರ್ ಇರುವ ಟ್ಯಾಕ್ಸಿಯವನೊಬ್ಬ ಎರಡು ಚೀಲ ತುಂಬಿಸಿಕೊಂಡ. 50 ಚಿಪ್ಪಿಗೋಸ್ಕರ ಇಟ್ಟುಕೊಂಡೆ. ಮಿಕ್ಕವುಗಳ ಟೇಪನ್ನು ನಾನೂ ಮೊಮ್ಮಗನೂ ಕೂತು ಎಳೆದೆವು. ಬೇಸಿಗೆಯಲ್ಲಿ ಅಂಗಳದ ಹೊರಸಿನ ಮೇಲೆ ಶ್ಯಾವಿಗೆ ಹಾಕುತ್ತಿದ್ದರಲ್ಲ, ಹಾಗೆ ರಾಶಿ. ಅವನಿಗೆ ಖುಷಿ. ನಾನು ಮೂರನೆಯ ದಿನ ಸೊಂಟ ನೋವು ಅಂತ ಹೇಳಿ ಒಳಗೆ ಹೋದೆ.

ಪ್ಲೇಟುಗಳ ಬಗ್ಗೆ ಪತ್ರ ಬರೆದಿದ್ದೇನೆ. ಗಾಂಧಾರಿ ನನ್ನ ಜೊತೆಗೇ ಬೆಂಗಳೂರಿಗೆ ಬರುತ್ತಾಳೆ, ಅದರಲ್ಲಿ ಮಾತಿಲ್ಲ.

260ರಲ್ಲಿ 71 ಆಗಿವೆ. ಮೊದಲು ಮಾಡಿದ್ದು ನಮ್ಮ ಓಣಿಯಲ್ಲೇ ಇದ್ದ ಸಂಗೀತ ಮೇಷ್ಟ್ರದು. 22 ನಿಮಿಷ ಭೀಮಪಲಾಸಿ. ಅವರ ಮಗಳ ನಂಬರ್ ಹುಡುಕಿ ಕಳಿಸಿದೆ. ಅವರಿಗೆ ಅಪ್ಪ ರೇಡಿಯೋದಲ್ಲಿ ಹಾಡಿದ್ದು ಗೊತ್ತು, ಆದರೆ ಮನೆಯಲ್ಲಿ ಒಂದು ಧ್ವನಿಮುದ್ರಣವೂ ಇರಲಿಲ್ಲವಂತೆ. ಫೋನಿನಲ್ಲಿ ‘ಮೂಗಿನಲ್ಲಿ ಸ್ವಲ್ಪ ಜಾಸ್ತಿ ಹಾಡುತ್ತಿದ್ದರು ಅಲ್ವಾ’ ಅಂದರು. ಹೌದು, ಹಾಡುತ್ತಿದ್ದರು.

ಈಗ ಪ್ರತಿ ಕ್ಯಾಸೆಟ್ ಶುರುವಾಗುವ ಮುಂಚೆ ನಾನೇ ಮೈಕಿನಲ್ಲಿ ಯಾರು, ಎಲ್ಲಿ, ಪಕ್ಕವಾದ್ಯ ಯಾರದು ಅಂತ ಎರಡು ನಿಮಿಷ ಮಾತಾಡಿ ಸೇರಿಸುತ್ತಿದ್ದೇನೆ. ಸಂಕ್ಷೇಪಗಳಿಗೆ ಒಂದು 100 ಪುಟದ ನೋಟ್‌ಬುಕ್ ಮಾಡಿದ್ದೇನೆ. ಮ.ಅ. ಅಂದರೆ ಮಗಳು ಅತ್ತಳು, ಅವಳಿಗೀಗ 45. ಹಾ.ಬಂ. ಹಾಲಿನವ ಬಂದ. ಪ.ರೇ. ಪಕ್ಕದ ಮನೆ ರೇಡಿಯೋ.

‘ರಾ.ಪಾ.’ ಏನು ಅಂತ ಮಾತ್ರ ನನಗೇ ನೆನಪಾಗುತ್ತಿಲ್ಲ. ನಾಲ್ಕು ಚೀಟಿಗಳ ಮೇಲಿದೆ, ಒಂದರಲ್ಲಿ ಎರಡು ಗೆರೆ ಎಳೆದು ಒತ್ತಿ ಬರೆದಿದ್ದೇನೆ. ಇವತ್ತು ಸಂಜೆ ಅದನ್ನು ಹಾಕಿ ನೋಡುತ್ತೇನೆ.