ಜುಹುವಿನಲ್ಲಿ ಸಿಕ್ಕಿತಂತೆ!

ಭಾಸ್ಕರ ಮಾವ, ಡೊಂಬಿವಲಿ: 🎥 ಜುಹುವಿನಲ್ಲಿ ಸಿಕ್ಕಿದ ಆಕ್ಟೋಪಸ್ ಮರಿ! ರಾತ್ರಿ ಬಲ್ಬಿನ ಹಾಗೆ ಉರಿಯುತ್ತದೆ. ಎಲ್ಲರಿಗೂ ಕಳಿಸಿ.

ಚೇತನ್: ಮಾವ, ಇದು ಎಐ.

ಭಾಸ್ಕರ ಮಾವ: ನಿನಗೆ ಎಲ್ಲವೂ ಎಐ. 2020ರ ನವೆಂಬರಿನಲ್ಲಿ ಜುಹುವಿನ ಅಲೆಯೇ ನೀಲಿಯಾಗಿ ಹೊಳೆದಿತ್ತು. ಅದೂ ಎಐ ಅಂತೀಯಾ?

ಸುಮತಿ ಅತ್ತೆ: ಆಕ್ಟೋಪಸ್ ಅಲ್ಲ, ಬೊಂಡಾಸ್ (ಸ್ಕ್ವಿಡ್) ಮರಿ. ಮೂವತ್ತು ವರ್ಷ ಮುಂಬೈನ ಮೀನು ಬಂದರು ಸಸೂನ್ ಡಾಕ್‌ನಿಂದ ತಂದು, ಒಳಗಿನ ಪ್ಲಾಸ್ಟಿಕ್‌ನಂಥ ಕಡ್ಡಿ ಎಳೆದು ತೆಗೆದ ಕೈ ಇದು.

ಭಾಸ್ಕರ ಮಾವ: ವಿಡಿಯೋ ನಿಲ್ಲಿಸಿ ಎಣಿಸಿದೆ. ಎಂಟೇ ಕೈ. ಆಕ್ಟೋಪಸ್ಸೇ.

ಅನುಷಾ: ಹತ್ತು, ಮಾವ. ಎರಡನ್ನು ಒಳಗೆ ಎಳೆದುಕೊಂಡಿರುತ್ತದೆ. ಸಿಗಡಿ ಕಂಡರೆ ಚಿಮ್ಮಿಸುತ್ತದೆ. ಮೂಲೆಯಲ್ಲಿ ಹವಾಯಿ ಅಂತ ಅರ್ಧ ಅಳಿಸಿದ ಬರಹ ಇದೆ ನೋಡಿ. ಇದು ಅಲ್ಲಿಯ ಬಾಬ್‌ಟೇಲ್ ಸ್ಕ್ವಿಡ್, ವೈಜ್ಞಾನಿಕ ಹೆಸರು ಯುಪ್ರಿಮ್ನಾ ಸ್ಕೋಲೋಪಿಸ್. ಅತ್ತೆ, ಮರಿಯೂ ಅಲ್ಲ. ಬೆಳೆದರೂ ಮೈ ಸುಮಾರು ಮೂರೇ ಸೆಂಟಿಮೀಟರ್. ಬೊಂಡಾಸಿನ ಹಾಗೆ ಉದ್ದ ಇಲ್ಲ, ಗುಂಡಗೆ. ಎರಡೂ ಪಕ್ಕ ಕಿವಿಯಂಥ ರೆಕ್ಕೆ.

ಸುಮತಿ ಅತ್ತೆ: ಹಾಗಾದರೆ ಕಪ್ಪೆ ಬೊಂಡಾಸಾ? ಗಿಳಿ ಪಂಜರದಲ್ಲಿ ಇಡುವ ಬಿಳಿ ಚಿಪ್ಪು ಇರುತ್ತದಲ್ಲ, ಅದು?

ಅನುಷಾ: ಆ ಚಿಪ್ಪೂ ಇಲ್ಲ ಅತ್ತೆ. ಇದರದೇ ಬೇರೆ ಗುಂಪು.

ಚೇತನ್: ಬೆಳಕು ಮಾತ್ರ ಸುಳ್ಳು ತಾನೇ?

ಅನುಷಾ: ಅದೂ ನಿಜವೇ, ಸುಳ್ಳಲ್ಲ. ಆದರೆ ಬಲ್ಬಿನಷ್ಟಲ್ಲ. ಬೆಳಕು ಇದರ ಸ್ವಂತದ್ದೂ ಅಲ್ಲ, ಮೈಯೊಳಗಿನ ಚೀಲದಲ್ಲಿ ಬಾಡಿಗೆಗಿರುವ ಬ್ಯಾಕ್ಟೀರಿಯಾದ್ದು. ಹುಟ್ಟುವಾಗ ಇರುವುದಿಲ್ಲ, ಕೆಲವೇ ಗಂಟೆಗಳಲ್ಲಿ ಸಮುದ್ರದ ನೀರಿನಿಂದ ಹಿಡಿದುಕೊಳ್ಳುತ್ತದೆ. ಹಗಲೆಲ್ಲ ಮರಳಿನಲ್ಲಿ ಹೂತು ಮಲಗುತ್ತದೆ. ರಾತ್ರಿ ಬೆಳದಿಂಗಳಿನಷ್ಟೇ ಬೆಳಕನ್ನು ಹೊಟ್ಟೆಯ ಕಡೆಯಿಂದ ಬಿಡುತ್ತದೆ. ಕೆಳಗಿರುವ ಮೀನಿಗೆ ನೆರಳೇ ಕಾಣುವುದಿಲ್ಲ. ಬೆಳಗಾದರೆ ಶೇಕಡಾ 95ರಷ್ಟು ಬ್ಯಾಕ್ಟೀರಿಯಾವನ್ನು ಹೊರಗೆ ಹಾಕುತ್ತದೆ. ಉಳಿದದ್ದು ಸಂಜೆಯೊಳಗೆ ಮತ್ತೆ ತುಂಬಿಕೊಳ್ಳುತ್ತದೆ.

ಚೇತನ್: ದಿನಾ ಖಾಲಿ ಮಾಡಿಸೋದಾ? ನಮ್ಮ ಓನರ್ 11 ತಿಂಗಳಾದರೂ ಬಿಡ್ತಾನೆ 😂

ಭಾಸ್ಕರ ಮಾವ: ಮತ್ತೆ ಜುಹುವಿನ ಅಲೆ?

ಅನುಷಾ: ಅದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳದ್ದು. ಅಲೆ ಬಡಿದಾಗ ಮಿಂಚುತ್ತವೆ. ಅದೂ ಇದೂ ಒಂದೇ ಅಲ್ಲ. ಚೇತನ್, ನಿನ್ನ ಎಐ ಪ್ರಾಣಿಯ 128 ಮರಿಗಳನ್ನು 2021ರ ಜೂನಿನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೇ ಕಳಿಸಿದ್ದರು. ಮಾವ, ಜುಹು ಅನ್ನೋದನ್ನು ದಯವಿಟ್ಟು ತೆಗೆಯಿರಿ.

ಭಾಸ್ಕರ ಮಾವ: ಸೊಸೈಟಿ ಗುಂಪಿಗೂ ಹಾಕಿದ್ದೆ. ಈಗ ಡಿಲೀಟ್ ಮಾಡಿದೆ.

ಚೇತನ್: ಯಾವುದು ಒತ್ತಿದಿರಿ?

ಭಾಸ್ಕರ ಮಾವ: ಡಿಲೀಟ್ ಫಾರ್ ಮಿ.