ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರ ನ್ಯಾರೋಗೇಜ್: ಹಳೇ ದಾರಿ ಇದೇ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಮೋರಿಕಲ್ಲು

ಈ ನ್ಯಾರೋಗೇಜ್, ಅಂದರೆ ಸಣ್ಣ ರೈಲಿನ, ಮಾರ್ಗದ ಬಗ್ಗೆ ಒಂದು ಸ್ಥಳೀಯ ಚರಿತ್ರೆ ಸಿದ್ಧವಾಗುತ್ತಿದೆ. ಮೂರು ಕಡೆ ತೊಡಕಾಗಿದೆ.

ಶುರುವಾದ ಇಸವಿ ಒಂದೊಂದು ಬರಹದಲ್ಲಿ ಒಂದೊಂದು: 1913, 1915, 1916, 1918. ಯಾವುದು ಸರಿ?

ಕೋಲಾರದ ಚಿನ್ನ ಸಾಗಿಸಲು ಕಟ್ಟಿದ ರೈಲು ಅಂತ ಹಲವರು ಹೇಳುತ್ತಾರೆ. ನಿಜವೇ?

ಚಿಂತಾಮಣಿ–ಶಿಡ್ಲಘಟ್ಟದ ನಡುವೆ ಹೊಲಗಳ ಮಧ್ಯೆ ಒಂದು ಮಣ್ಣಿನ ಏರಿ ಇದೆ. ಈಗಿನ ಹಳಿಗೆ ತುಸು ದೂರದಲ್ಲಿ ಬಳುಕಿ ಹೋಗುತ್ತದೆ. ಅದು ಸಣ್ಣ ರೈಲಿನ ಹಳೇ ದಾರಿಯೇ ಅಂತ ದೊಡ್ಡ ಉಪಕರಣ ಇಲ್ಲದೆ ಪರೀಕ್ಷಿಸಬಹುದೇ?

ಉತ್ತರ 1: ಬೌರಿಂಗ್‌ಪೇಟೆ ಜಂಕ್ಷನ್

ನಾಲ್ಕೂ ಇಸವಿ ಸರಿ. ತುಂಡು ತುಂಡಾಗಿ ಬೆಳೆದ ದಾರಿ ಇದು. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಬಂತು. 1915ರಲ್ಲಿ ಇನ್ನೊಂದು ತುದಿಯಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ತೆರೆಯಿತು. 1916ರಲ್ಲಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಹಾಯ್ದು ಎರಡೂ ತುದಿ ಕೂಡಿದವು. 1918ರಲ್ಲಿ ಯಲಹಂಕದಿಂದ ಬೆಂಗಳೂರಿಗೂ ಸಣ್ಣ ಹಳಿ ಬಂತು. ಹೆಚ್ಚುಕಡಿಮೆ ಎಲ್ಲವೂ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ್ದೇ. ಬರೆಯುವಾಗ ಇಸವಿಯ ಜತೆ ತುಂಡಿನ ಹೆಸರನ್ನೂ ಹಾಕಿ, ಗೊಂದಲವೇ ಇರುವುದಿಲ್ಲ.

ಒಂದು ಎಚ್ಚರಿಕೆ: ಮೈಸೂರು ಸಂಸ್ಥಾನದ ಆಡಳಿತ ವರ್ಷ ಜುಲೈಯಿಂದ ಜೂನ್‌ವರೆಗೆ. 1915–16ರ ವರದಿಯಲ್ಲಿರುವ ಸಂಗತಿ 1915ರ ಆಗಸ್ಟಿನದೂ ಆಗಬಹುದು, 1916ರ ಮೇ ತಿಂಗಳದೂ ಆಗಬಹುದು. ಒಂದು ವರ್ಷದ ವ್ಯತ್ಯಾಸ ಕಂಡರೆ ಮೊದಲು ಇದನ್ನು ಅನುಮಾನಿಸಿ.

ಚಿನ್ನದ ಮಾತು ತಪ್ಪು. ಕೋಲಾರ ಪಟ್ಟಣವೂ ಕೋಲಾರ ಚಿನ್ನದ ಗಣಿಯೂ ಒಂದೇ ಅಂದುಕೊಂಡಿದ್ದರಿಂದ ಹುಟ್ಟಿದ ಕತೆ ಅದು. ಗಣಿಯ ರೈಲು 1894ರದು. ಬಂಗಾರಪೇಟೆಯಿಂದ ಆಗ್ನೇಯಕ್ಕೆ ಮಾರಿಕುಪ್ಪಂವರೆಗೆ, ಸುಮಾರು 16 ಕಿ.ಮೀ., ಮೊದಲಿನಿಂದಲೂ ಬ್ರಾಡ್‌ಗೇಜ್ (ದೊಡ್ಡ ಹಳಿ). ಕೋಲಾರ ಪಟ್ಟಣ ಇರುವುದು ಬಂಗಾರಪೇಟೆಯ ಉತ್ತರಕ್ಕೆ. ಗಣಿಯ ಸರಕು ಉತ್ತರಕ್ಕೆ ಹೋಗಿ ಸಣ್ಣ ರೈಲು ಹತ್ತುವ ಪ್ರಮೇಯವೇ ಇರಲಿಲ್ಲ.

ನಿಮ್ಮ ಬರಹದಲ್ಲಿ ಹೆಚ್ಚು ಜಾಗ ಕೊಡಬೇಕಾದ್ದು ಗೇಜ್ ಸಮಸ್ಯೆಗೆ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ಸಣ್ಣ ರೈಲಿನದು 762 ಮಿ.ಮೀ. (ಎರಡೂವರೆ ಅಡಿ). ಬಂಗಾರಪೇಟೆಯಲ್ಲಿ ಅದಕ್ಕೆ ಎದುರಾದದ್ದು 1864ರಿಂದ ಓಡುತ್ತಿದ್ದ ಜೋಲಾರಪೇಟೆ–ಬೆಂಗಳೂರು ಬ್ರಾಡ್‌ಗೇಜ್, 1676 ಮಿ.ಮೀ. ಯಲಹಂಕದಲ್ಲಿ ಎದುರಾದದ್ದು ಗುಂತಕಲ್ ಕಡೆಯ ಮೀಟರ್‌ಗೇಜ್, 1000 ಮಿ.ಮೀ. ಎರಡು ಜಂಕ್ಷನ್, ಮೂರು ಗೇಜ್. ಚಿಂತಾಮಣಿಯಲ್ಲಿ ತುಂಬಿದ ಹುಣಸೆ ಮೂಟೆ ಮದರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಅಷ್ಟನ್ನೂ ಇಳಿಸಿ ದೊಡ್ಡ ವ್ಯಾಗನ್ನಿಗೆ ತುಂಬಲೇಬೇಕು. ಇಳಿಸುವ ಕೂಲಿ, ತುಂಬುವ ಕೂಲಿ, ದೊಡ್ಡ ವ್ಯಾಗನ್ ಬರುವವರೆಗೆ ಕಾಯುವ ದಿನ, ಮೂಟೆ ಹರಿದು ಆಗುವ ನಷ್ಟ, ಎಲ್ಲ ಸೇರಿ ಕಟ್ಟುವಾಗ ಉಳಿಸಿದ ದುಡ್ಡು ನಡೆಸುವಾಗ ಸೋರಿಹೋಗುತ್ತಿತ್ತು. ಮನೆ ಬಾಗಿಲಲ್ಲಿ ತುಂಬಿ ಮಂಡಿಯಲ್ಲಿ ಇಳಿಸುವ ಲಾರಿ ಬಂದ ಮೇಲೆ ಈ ದಾರಿ ಗೆಲ್ಲುವುದು ಕಷ್ಟವೇ ಇತ್ತು. ಬೆಂಗಳೂರಿನಿಂದ ಬಂಗಾರಪೇಟೆಗೆ ನೇರ ದೊಡ್ಡ ಹಳಿ ಸುಮಾರು 70 ಕಿ.ಮೀ. ಮಾತ್ರ, ಈ ಸುತ್ತುದಾರಿ ಅದರ ಎರಡರಷ್ಟಕ್ಕೂ ಹೆಚ್ಚು. ಹಾಗಾಗಿ ದೂರದ ಪ್ರಯಾಣಿಕರೂ ಇದಕ್ಕೆ ದಕ್ಕಲಿಲ್ಲ.

ಎರಡೂ ತುದಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದವು. ನಡುವಿನ ಚಿಕ್ಕಬಳ್ಳಾಪುರ–ಕೋಲಾರ ತುಂಡು ಬ್ರಾಡ್‌ಗೇಜ್ ಆಗಿ ತೆರೆದದ್ದು 2013ರ ನವೆಂಬರಿನಲ್ಲಿ.

ಉತ್ತರ 2: ತಿರುವು ಡಿಗ್ರಿ

ಏರಿಯ ಪರೀಕ್ಷೆಗೆ ಒಂದು ಹಗ್ಗ, ಒಂದು ಟೇಪು, ಇಬ್ಬರು ಜನ ಸಾಕು. ಭಾರತೀಯ ರೈಲ್ವೆಯ ನಿಯಮದಲ್ಲಿ ಬ್ರಾಡ್‌ಗೇಜಿನ ಅತಿ ಬಿಗಿ ತಿರುವು 10 ಡಿಗ್ರಿ, ಅಂದರೆ 175 ಮೀ. ತ್ರಿಜ್ಯ. 762 ಮಿ.ಮೀ. ಗೇಜಿಗೆ 40 ಡಿಗ್ರಿವರೆಗೂ, ಅಂದರೆ ಸುಮಾರು 44 ಮೀ. ತ್ರಿಜ್ಯದವರೆಗೂ ಅವಕಾಶವಿತ್ತು. ಗೇಜ್ ಬದಲಿಸುವಾಗ ಹಳಿ ಅಗಲ ಮಾಡಿದರೆ ಮುಗಿಯದು, ಬಿಗಿ ತಿರುವುಗಳನ್ನು ಬಿಟ್ಟು ನೇರ ಹೋಗಲೇಬೇಕು. ಹಾಗೆ ಬಿಟ್ಟುಹೋದ ಬಿಲ್ಲುಗಳೇ ಹೊಲದಲ್ಲಿ ಉಳಿಯುವ ಏರಿಗಳು.

ಏರಿಯ ಒಂದೇ ಅಂಚಿನ ಮೇಲೆ 40 ಮೀ. ಅಂತರದಲ್ಲಿ ಎರಡು ಗೂಟ ನೆಟ್ಟು ಹಗ್ಗ ಬಿಗಿಯಾಗಿ ಎಳೆಯಿರಿ. ಹಗ್ಗದ ನಟ್ಟನಡುವಿನಿಂದ ಅಂಚಿಗೆ ಎಷ್ಟು ದೂರ ಅಂತ ಮೀಟರಿನಲ್ಲಿ ಅಳೆಯಿರಿ. 200ನ್ನು ಆ ಅಳತೆಯಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ. ನಡುವಿನ ಅಳತೆ 1 ಮೀ. ಬಂದರೆ ತ್ರಿಜ್ಯ 200 ಮೀ.; 2 ಮೀ. ಬಂದರೆ 100 ಮೀ. ಸುಮಾರು 1.15 ಮೀ.ಗಿಂತ ಹೆಚ್ಚು ಬಂದರೆ ಅಲ್ಲಿ ಬ್ರಾಡ್‌ಗೇಜ್ ಕೂತಿರಲು ಸಾಧ್ಯವಿಲ್ಲ.

ಹಳಿಯ ಮೇಲೆ ಅಳೆಯುವವರು 11.8 ಮೀ. ಹಗ್ಗ ಹಿಡಿಯುತ್ತಾರೆ, ಆಗ ನಡುವಿನ ಅಳತೆ ಎಷ್ಟು ಸೆಂ.ಮೀ.ಯೋ ಅಷ್ಟೇ ಡಿಗ್ರಿ. ಮಣ್ಣಿನ ಏರಿಗೆ ಅದು ಆಗದು. ಅಂಚು ಕುಸಿದಿರುವುದರಿಂದ ಅಂಗೈಯಗಲ ತಪ್ಪಾದರೂ ಲೆಕ್ಕ ಕೆಡುತ್ತದೆ. 40 ಮೀ. ಹಗ್ಗವನ್ನೇ ಹಿಡಿದು, ಬೇರೆ ಬೇರೆ ಜಾಗದಲ್ಲಿ ಮೂರು ಸಲ ಅಳೆಯಿರಿ.

ಏರಿಯ ಮೇಲ್ಮೈ ಅಗಲವನ್ನೂ ನೋಡಿ. ನ್ಯಾರೋಗೇಜಿಗೆ ಪಠ್ಯಪುಸ್ತಕದ ಅಳತೆ ಸುಮಾರು 3.7 ಮೀ., ಬ್ರಾಡ್‌ಗೇಜಿಗೆ 6.85 ಮೀ. ಉಳುಮೆಯಲ್ಲಿ ಅಂಚು ತಿಂದುಹೋಗಿದ್ದರೆ ಅಗಲವೊಂದನ್ನೇ ನಂಬಬೇಡಿ.

ಉತ್ತರ 3: ಹಳಿ ಗುರುತು

ಮೇಲಿನವರು ಹೇಳಿದ ಲೆಕ್ಕ ಸರಿ. ಆದರೆ ಕೋಲಾರ ಸೀಮೆಯಲ್ಲಿ ಬೇರೊಂದು ಮೋಸವಿದೆ: ಕೆರೆ ಏರಿ. ಬತ್ತಿದ ಕೆರೆಯ ಒಡೆದ ಏರಿಯೂ ಹೀಗೇ ಬಾಗಿ ನಿಂತಿರುತ್ತದೆ. ಕೆರೆ ಏರಿಗೆ ನೀರಿನ ಮಗ್ಗುಲಲ್ಲಿ ಕಲ್ಲು ಹೊದಿಕೆ, ಎಲ್ಲೋ ಒಂದು ತೂಬು, ತುದಿಯಲ್ಲಿ ಕೋಡಿ ಇರುತ್ತವೆ. ರೈಲು ಏರಿ ಹಳ್ಳವನ್ನು ತಡೆಯುವುದಿಲ್ಲ, ಹಳ್ಳ ಬಂದಲ್ಲೆಲ್ಲ ಮೋರಿ ಬಿಟ್ಟು ದಾಟುತ್ತದೆ. ಎತ್ತರದ ನೆಲ ಬಂದಾಗ ಕೆರೆ ಏರಿ ಅಲ್ಲಿಗೇ ನಿಲ್ಲುತ್ತದೆ, ರೈಲು ದಾರಿ ನೆಲ ಕಡಿದು ಒಳಗೆ ನುಗ್ಗುತ್ತದೆ. ಏರಿ ಮುಗಿದಲ್ಲಿ ಕಟಿಂಗ್ ಸಿಕ್ಕರೆ ಅರ್ಧ ಕೆಲಸ ಆದಂತೆ.

ಹತ್ತಿರದ ಬೇಲಿ, ತೋಟದ ಗೇಟು ನೋಡಿ. ಹಳೇ ಮರದ ಸ್ಲೀಪರ್ (ಹಳಿಯ ಕೆಳಗೆ ಅಡ್ಡ ಹಾಸುವ ತೊಲೆ) ಅಲ್ಲಿ ಕಂಬವಾಗಿ ನಿಂತಿರಬಹುದು. ಉದ್ದ ನ್ಯಾರೋಗೇಜಿಗೆ ಸುಮಾರು 1.5 ಮೀ., ಮೀಟರ್‌ಗೇಜಿಗೆ 1.8, ಬ್ರಾಡ್‌ಗೇಜಿಗೆ 2.75. ನೆಟ್ಟ ಕಂಬದ ಉದ್ದ ಗೊತ್ತಾಗದಿದ್ದರೆ ಮೊಳೆ ತೂತುಗಳ ಎರಡು ಗುಂಪಿನ ನಡುವೆ ಅಳೆಯಿರಿ: ನಡುವಿನಿಂದ ನಡುವಿಗೆ ಸುಮಾರು 80 ಸೆಂ.ಮೀ. ಇದ್ದರೆ ಸಣ್ಣ ರೈಲಿನದು.

ಹಳಿ ತುಂಡು ಕಂಡರೆ ಅದರ ಸೊಂಟದ (ನಡುವಿನ ತೆಳು ಭಾಗದ) ಮಗ್ಗುಲನ್ನು ತೆಂಗಿನ ನಾರಿನಿಂದ ಉಜ್ಜಿ ಸೀಮೆಸುಣ್ಣ ಬಳಿಯಿರಿ. ಉಬ್ಬಕ್ಷರದಲ್ಲಿ ತಯಾರಕರ ಹೆಸರು, ತೂಕ, ಇಸವಿ ಮೂಡುತ್ತವೆ. ಸಾಲಾಗಿ ನಿಂತ ಗೀಟುಗಳಿದ್ದರೆ ಅವು ತಿಂಗಳ ಲೆಕ್ಕ. ಹಳೇ ತೂಕ ಗಜಕ್ಕೆ ಇಷ್ಟು ಪೌಂಡ್ ಅಂತ. ಅರ್ಧ ಮಾಡಿದರೆ ಮೀಟರಿಗೆ ಎಷ್ಟು ಕೆ.ಜಿ. ಅನ್ನುವುದು ಹತ್ತಿರ ಹತ್ತಿರ ಬರುತ್ತದೆ. ಅಕ್ಷರ ಸವೆದಿದ್ದರೆ ಎತ್ತರ ಅಳೆಯಿರಿ: 50 ಆರ್ (ಗಜಕ್ಕೆ 50 ಪೌಂಡಿನ) ಹಳಿ 104.8 ಮಿ.ಮೀ., 60 ಆರ್ 114.3, 90 ಆರ್ 142.9, ಈಚಿನ, ಮೀಟರಿಗೆ 52 ಕೆ.ಜಿ. ತೂಗುವ ಹಳಿ 156. ಮೇಲ್ಭಾಗ ಸವೆದಿದ್ದರೆ ಕೆಲವು ಮಿ.ಮೀ. ಕಡಿಮೆ ಬರುತ್ತದೆ.

ಹಳಿಯ ಮೇಲಿನ ಇಸವಿ ಕಾರ್ಖಾನೆಯದು, ದಾರಿ ಹಾಸಿದ್ದಲ್ಲ. ರೈಲ್ವೆಯವರು ಹಳೇ ಹಳಿಯನ್ನು ಒಂದು ಮಾರ್ಗದಿಂದ ಕಿತ್ತು ಇನ್ನೊಂದಕ್ಕೆ ಹಾಕುವುದು, ಕಂಬ ಮಾಡುವುದು ಮಾಮೂಲು. ಒಂದು ತುಂಡು ಸಿಕ್ಕಿತೆಂದು ತೀರ್ಮಾನಕ್ಕೆ ಬರಬೇಡಿ. ಏನನ್ನೂ ಮನೆಗೂ ತರಬೇಡಿ: ರೈಲ್ವೆ ಸೊತ್ತು ಇಟ್ಟುಕೊಳ್ಳುವುದು 1966ರ ಕಾಯ್ದೆಯಡಿ ಅಪರಾಧ, ಈಗ ಗಾಡಿ ಓಡುವ ಹಳಿಯ ಮೇಲೆ ನಡೆಯುವುದೂ ಅಪರಾಧವೇ.

ಮೋರಿಕಲ್ಲು

ಬಹಳ ಉಪಕಾರ. ಏರಿಯ ಪಶ್ಚಿಮದ ತುದಿಯಲ್ಲಿ ಕಲ್ಲಿನ ಸಣ್ಣ ಮೋರಿ ಇದೆ, ತೂಬು ಇಲ್ಲ. ಹೋಲಿಸಲು ಹಳೇ ನಕ್ಷೆ ಯಾವುದು ಕೇಳಬೇಕು?

ಉತ್ತರ 4: ಬೌರಿಂಗ್‌ಪೇಟೆ ಜಂಕ್ಷನ್

ಸರ್ವೆ ಆಫ್ ಇಂಡಿಯಾ ಹಾಳೆಗಳಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ 57 ಜಿ ಗುಂಪಿನಲ್ಲಿ ಬರುತ್ತವೆ; ಚಿಂತಾಮಣಿ, ಕೋಲಾರ 57 ಕೆ; ಬಂಗಾರಪೇಟೆ 57 ಎಲ್. ನಿಮ್ಮ ಜಾಗ 78 ಡಿಗ್ರಿ ರೇಖಾಂಶದ ಆಚೀಚೆ ಇರುವುದರಿಂದ ಜಿ ಮತ್ತು ಕೆ ಎರಡರ ಅಂಚಿನ ಹಾಳೆಗಳೂ ಬೇಕು. ಮುದ್ರಣದ ವರ್ಷ ನೋಡಬೇಡಿ, ಸರ್ವೆ ಮಾಡಿದ ವರ್ಷ ನೋಡಿ: 1916ರ ನಂತರದ್ದೂ ಗೇಜ್ ಬದಲಾಗುವ ಮುಂಚಿನದೂ ಆಗಿರಬೇಕು. ಮೋರಿಯನ್ನು ಫೋನಿನ ಜಿಪಿಎಸ್‌ನಲ್ಲಿ ಗುರುತು ಮಾಡಿಕೊಂಡು, ನಕ್ಷೆಯಲ್ಲಿ ಹಳಿ ಹಳ್ಳ ದಾಟುವ ಜಾಗಕ್ಕೆ ಹೊಂದುತ್ತದೆಯೇ ನೋಡಿ. ಜತೆಗೆ ಗ್ರಾಮ ನಕ್ಷೆ ತೆಗೆಸಿ. ಹೊಲಗಳ ಮಧ್ಯೆ ಉದ್ದಕ್ಕೆ ಪಟ್ಟಿಯಂತೆ ರೈಲ್ವೆ ಜಮೀನು ಬಿಟ್ಟಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಆ ಕಾಲದ ಕಟ್ಟಡಗಳು ಹೇಗಿದ್ದವೆಂದು ನೋಡಬೇಕಾದರೆ ಯಲಹಂಕ–ಚಿಕ್ಕಬಳ್ಳಾಪುರ ತುಂಡಿಗೆ ಹೋಗಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಹಳೇ ನಿಲ್ದಾಣದ ಕಟ್ಟಡಗಳು ಉಳಿದಿವೆ. ನಂದಿ ಹಾಲ್ಟಿನಿಂದ ಶುರು ಮಾಡಿ.